ಮಧುಚಂದ್ರದ ಲೆಕ್ಕಕ್ಕೆ ಲೆಕ್ಕೊ

2018ರ ನವೆಂಬರ್ ತಿಂಗಳಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ಒಂದು ಮದುವೆ ನಡೆಯಿತು. ವಧು ದೀಪಿಕಾ ಪಡುಕೋಣೆ, ವರ ರಣವೀರ್ ಸಿಂಗ್. ಉಡುಪಿ ಜಿಲ್ಲೆಯ ಪುಟ್ಟ ಊರೊಂದರ ಹೆಸರನ್ನು ಹೊತ್ತು, ಬೆಂಗಳೂರಿನಲ್ಲಿ ಬೆಳೆದ ಹೆಣ್ಣುಮಗಳ ಮದುವೆ ಎಂದಮೇಲೆ ಕನ್ನಡಿಗರ ಮನೆಗಳಲ್ಲಿ ಅದರ ಮಾತು ಬಾರದೆ ಇದ್ದೀತೆ? ಅದುವರೆಗೆ ಭೂಗೋಳದ ಪುಸ್ತಕದಲ್ಲೂ ಕಣ್ಣಿಗೆ ಬೀಳದಿದ್ದ ‘ಕೋಮೊ’ ಎಂಬ ಹೆಸರು ಅಡಿಗೆಮನೆಯವರೆಗೂ ಬಂತು.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗನಿಗೂ ಸೊಸೆಗೂ ಕೆಲಸವಿದೆ. ಇಬ್ಬರೂ ಎರಡು ವರ್ಷ ಕೂಡಿಟ್ಟ ಹಣವಿದೆ. ‘ಮಧುಚಂದ್ರಕ್ಕೆ ಕೋಮೊ ಸರೋವರಕ್ಕೆ ಹೋಗಿಬರುತ್ತೇವೆ’ ಎನ್ನುತ್ತಾರೆ. ತಂದೆಗೆ ಎದೆ ಧಸಕ್ಕೆನ್ನುತ್ತದೆ. ಛತ್ರದ ಬಾಡಿಗೆ, ಅಡಿಗೆಯವರ ಬಾಕಿ ಈಗಷ್ಟೇ ತೀರಿದೆ. ಸಿನಿಮಾ ತಾರೆಯರು ಹೋದಲ್ಲಿಗೆ ನಮ್ಮ ಮಕ್ಕಳೂ ಹೋಗಬೇಕೆ? ಸಾಲ ಮಾಡಿಕೊಂಡು ಬಂದರೆ ಗತಿಯೇನು? ತಾಯಿ ಮಾತ್ರ, ‘ಒಂದು ಸಲ ಹೋಗಿಬರಲಿ ಬಿಡಿ’ ಎನ್ನುತ್ತಾರೆ. ಇಂಥ ಜಗಳ ಬಗೆಹರಿಸಲು ಪಂಚಾಯಿತಿ ಬೇಕಿಲ್ಲ. ಒಂದು ಭೂಪಟ, ಒಂದು ಪೆನ್ಸಿಲ್, ಹೈಸ್ಕೂಲಿನ ಗಣಿತ ಸಾಕು.

ಮೊದಲು ಖರ್ಚನ್ನು ಎರಡು ಭಾಗ ಮಾಡಬೇಕು: ಬದಲಾಗದ್ದು ಮತ್ತು ಬದಲಾಗುವಂಥದ್ದು. ಎಲ್ಲಿ ಉಳಿದುಕೊಂಡರೂ ವಿಮಾನದ ಟಿಕೆಟ್ ಕೊಳ್ಳಲೇಬೇಕು. ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ ತಲಾ 90 ಯೂರೋ. ಕನಿಷ್ಠ 30,000 ಯೂರೋವರೆಗಿನ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಇಲ್ಲದೆ ಆ ವೀಸಾ ಸಿಗುವುದಿಲ್ಲ. ಇವುಗಳಲ್ಲಿ ಹೆಚ್ಚು ಕೈಯಾಡಿಸಲು ಬರುವುದಿಲ್ಲ. ದಂಪತಿಯ ಕೈಯಲ್ಲಿ ನಿಜವಾಗಿ ಉಳಿಯುವುದು ಎರಡೇ ಸಂಗತಿ: ಯಾವ ಊರು, ಯಾವ ತಿಂಗಳು. ಇವೆರಡನ್ನು ಹೇಗೆ ಆರಿಸಬೇಕೆಂಬುದನ್ನು ಸರೋವರವೇ ಹೇಳಿಕೊಡುತ್ತದೆ.

ಎರಡು ಕಾಲಿನ ಸರೋವರ

ಭೂಪಟದಲ್ಲಿ ಕೋಮೊ ಸರೋವರ ಕಾಲುಗಳನ್ನು ಅಗಲಿಸಿ ನಿಂತ ಮನುಷ್ಯನಂತೆ ಕಾಣುತ್ತದೆ. ತಲೆ ಉತ್ತರಕ್ಕೆ, ಆಲ್ಪ್ಸ್ ಪರ್ವತಗಳ ಕಡೆಗೆ. ನೈಋತ್ಯದ ಪಾದದಲ್ಲಿ ಕೋಮೊ ನಗರ. ಆಗ್ನೇಯದ ಪಾದದಲ್ಲಿ ಲೆಕ್ಕೊ ಎಂಬ ನಗರ. ಎರಡು ಕಾಲುಗಳು ಕವಲೊಡೆಯುವ ಕಡೆ ನೀರಿನೊಳಕ್ಕೆ ಚಾಚಿಕೊಂಡ ನೆಲದ ತುದಿಯಲ್ಲಿ ಬೆಲ್ಲಾಜೊ. ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಈ ಊರೇ. ಅದಕ್ಕೆ ಎದುರಾಗಿ ಪಶ್ಚಿಮ ದಡದಲ್ಲಿ ಮೆನಾಜ್ಜೊ, ತ್ರೆಮೆಜ್ಜೊ, ಲೆನ್ನೊ. ಪೂರ್ವ ದಡದಲ್ಲಿ ವರೆನ್ನಾ, ಬೆಲ್ಲಾನೊ, ಕೆಳಗೆ ಮಾಂಡೆಲ್ಲೊ.

ಹಿಮಯುಗದಲ್ಲಿ ಆಲ್ಪ್ಸ್‌ನಿಂದ ಇಳಿದುಬಂದ ಹಿಮನದಿ ಈ ಕಣಿವೆಯನ್ನು ಕೊರೆಯಿತು. ಆದ್ದರಿಂದಲೇ ಸರೋವರ ಅಗಲದಲ್ಲಿ ಸಣ್ಣದು, ಆಳದಲ್ಲಿ ಅಗಾಧ. ವಿಸ್ತೀರ್ಣ ಸುಮಾರು 146 ಚದರ ಕಿಲೋಮೀಟರ್. ಅತಿ ಹೆಚ್ಚಿನ ಆಳ 400 ಮೀಟರಿಗೂ ಮೇಲೆ, ಅಂದರೆ ಐದು ಕುತುಬ್ ಮಿನಾರುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ತುದಿ ಕಾಣದು. ವಿದ್ಯಾರ್ಥಿಗಳು ಇಲ್ಲಿ ಒಂದು ಪುಟ್ಟ ಲೆಕ್ಕ ಮಾಡಬಹುದು. ನೀರಿನ ಮೇಲ್ಮೈ ಸಮುದ್ರಮಟ್ಟದಿಂದ ಸುಮಾರು 198 ಮೀಟರ್ ಎತ್ತರದಲ್ಲಿದೆ. ಹಾಗಾದರೆ ತಳ ಎಲ್ಲಿದೆ? ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗೆ!

ಅದ್ದಾ ನದಿ ಉತ್ತರದಲ್ಲಿ ಸರೋವರವನ್ನು ಸೇರಿ ಲೆಕ್ಕೊದಲ್ಲಿ ಹೊರಬೀಳುತ್ತದೆ. ಕೋಮೊ ನಗರದ ಕಾಲಿನಲ್ಲಿ ನೀರು ಹೊರಹೋಗಲು ದಾರಿಯೇ ಇಲ್ಲ. ಆದ್ದರಿಂದ ಜಡಿಮಳೆ ಸುರಿದ ವರ್ಷಗಳಲ್ಲಿ ಕೋಮೊದ ದಡದ ಚೌಕಕ್ಕೆ ನೀರು ನುಗ್ಗುವುದುಂಟು.

ರೈಲು ಇರುವ ದಡ

ಪಶ್ಚಿಮ ದಡದಲ್ಲಿ ಶ್ರೀಮಂತರ ಹಳೆಯ ವಿಲಾಸಗೃಹಗಳು, ತೋಟಗಳು ಸಾಲಾಗಿವೆ. ದೀಪಿಕಾ ಮದುವೆ ನಡೆದ ‘ವಿಲ್ಲಾ ದೆಲ್ ಬಾಲ್ಬಿಯಾನೆಲ್ಲೊ’ ಇರುವುದು ಈ ದಡದ ಲೆನ್ನೊದಲ್ಲಿ. ಬೆಲ್ಲಾಜೊದಲ್ಲೂ ಪಶ್ಚಿಮ ದಡದಲ್ಲೂ ಹೆಸರಿಗೇ ಅರ್ಧ ಬಾಡಿಗೆ. ಸಾಲದ್ದಕ್ಕೆ ಅಲ್ಲಿ ರೈಲಿಲ್ಲ. ಕೋಮೊ ನಗರದಿಂದ ಬೆಲ್ಲಾಜೊಗೆ ಅಂಕುಡೊಂಕು ರಸ್ತೆಯ ಬಸ್ಸಿನಲ್ಲಿ ಒಂದು ಗಂಟೆಗೂ ಮೇಲೆ. ನಿಧಾನದ ದೋಣಿಯಲ್ಲಾದರೆ ಸುಮಾರು ಎರಡು ಗಂಟೆ.

ರೈಲಿರುವುದು ಪೂರ್ವ ದಡದಲ್ಲಿ. ಮಿಲಾನ್ ನಗರದಿಂದ ಹೊರಟ ರೈಲು ಮುಕ್ಕಾಲು ಗಂಟೆಯಲ್ಲಿ ಲೆಕ್ಕೊ, ಒಂದು ಗಂಟೆಯ ಆಸುಪಾಸಿನಲ್ಲಿ ವರೆನ್ನಾ ಮುಟ್ಟಿಸುತ್ತದೆ. ನಿಂತು ನಿಂತು ಸಾಗುವ ಗಾಡಿಗಳು ಮಾಂಡೆಲ್ಲೊ, ಬೆಲ್ಲಾನೊದಂಥ ಊರುಗಳಲ್ಲೂ ನಿಲ್ಲುತ್ತವೆ. ವರೆನ್ನಾದಿಂದ ಬೆಲ್ಲಾಜೊಗೆ ದೋಣಿಯಲ್ಲಿ ಹದಿನೈದೇ ನಿಮಿಷ. ಅಂದರೆ ಅಗ್ಗದ ಊರಿನಲ್ಲಿ ಮಲಗಿ, ದುಬಾರಿ ಊರಿನಲ್ಲಿ ಓಡಾಡಬಹುದು. ಕೋಮೊ ಸರೋವರದ ಉಳಿತಾಯದ ಗುಟ್ಟೆಲ್ಲ ಇಷ್ಟೆ.

ಈ ರೈಲುದಾರಿ ಸಾಮಾನ್ಯದ್ದಲ್ಲ. 1902ರಲ್ಲಿ ಲೆಕ್ಕೊದಿಂದ ಕೋಲಿಕೊ ಮೂಲಕ ಕಣಿವೆಯೊಳಕ್ಕೆ ಸಾಗುವ ಈ ದಾರಿಯಲ್ಲಿ 3,000 ವೋಲ್ಟಿನ ಮೂರು ‘ಫೇಸ್’ ವಿದ್ಯುತ್ತಿನಿಂದ ರೈಲು ಓಡಿಸಿದರು. ಹಂಗೇರಿಯ ಎಂಜಿನಿಯರ್ ಕಾಲ್ಮಾನ್ ಕಾಂಡೊ ರೂಪಿಸಿದ ಇದು, ಪ್ರಧಾನ ರೈಲುಮಾರ್ಗವೊಂದರಲ್ಲಿ ಅಂಥ ವಿದ್ಯುತ್ತನ್ನು ಬಳಸಿದ ಜಗತ್ತಿನ ಮೊದಲ ಪ್ರಯತ್ನ. ವಿದ್ಯುತ್ತು ಬಂದದ್ದು ಅದೇ ಅದ್ದಾ ನದಿಯ ನೀರಿನಿಂದ. ಅದೇ 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತೆಂಬುದನ್ನು ನೆನೆದರೆ, ದೂರದ ಊರೂ ಹತ್ತಿರವೆನಿಸುತ್ತದೆ.

ಪೆನ್ಸಿಲ್ ಹಿಡಿದು

ಆದರೆ ‘ದೂರ ಉಳಿದರೆ ಅಗ್ಗ’ ಎಂಬುದನ್ನು ಕಣ್ಣುಮುಚ್ಚಿ ನಂಬಬಾರದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ಕಲಿಯಲಿಕ್ಕೆ ಮಾತ್ರ. ಐದು ರಾತ್ರಿಯ ವಾಸ. ವರೆನ್ನಾದ ಕೋಣೆಗಿಂತ ಲೆಕ್ಕೊದ ಕೋಣೆ ರಾತ್ರಿಗೆ 40 ಯೂರೋ ಅಗ್ಗವೆಂದಿಟ್ಟುಕೊಳ್ಳಿ. ಐದು ರಾತ್ರಿಗೆ 200 ಯೂರೋ ಉಳಿಯಿತು. ನಾಲ್ಕು ದಿನ ಇಬ್ಬರೂ ವರೆನ್ನಾಕ್ಕೆ ಹೋಗಿಬರಬೇಕು; ದಿನಕ್ಕೆ ಇಬ್ಬರಿಂದ 16 ಯೂರೋ ಎಂದರೆ 64 ಯೂರೋ. ನಿವ್ವಳ ಉಳಿತಾಯ 136. ರೈಲಿನಲ್ಲಿ ಹೋಗಲು 25 ನಿಮಿಷ, ಬರಲು 25 ನಿಮಿಷ. ನಾಲ್ಕು ದಿನಕ್ಕೆ 3 ಗಂಟೆ 20 ನಿಮಿಷ. ಅಷ್ಟು ಹೊತ್ತು ಕೊಟ್ಟು 136 ಯೂರೋ ಉಳಿಸುವುದು ಲಾಭವೆ? ಕಿಟಕಿಯ ಪಕ್ಕದಲ್ಲೇ ಸರೋವರ ಓಡುತ್ತಿರುವಾಗ ಬಹಳ ಮಂದಿ ಹೌದೆಂದಾರು.

ಈಗ ವ್ಯತ್ಯಾಸ 40ರ ಬದಲು 15 ಯೂರೋ ಎಂದುಕೊಳ್ಳಿ. ಐದು ರಾತ್ರಿಗೆ 75, ರೈಲಿಗೆ 64, ಉಳಿದದ್ದು 11 ಯೂರೋ. ಇಷ್ಟಕ್ಕಾಗಿ ಮೂರು ಗಂಟೆ ಕಳೆಯುವುದು ಜಿಪುಣತನವೇ ಹೊರತು ಜಾಣತನವಲ್ಲ. ಆಗ ವರೆನ್ನಾದಲ್ಲೇ ಉಳಿಯಬೇಕು. ಹೋಟೆಲಿನವರು ತಲೆಗೆ, ರಾತ್ರಿಗೆ ಇಷ್ಟೆಂದು ವಸೂಲು ಮಾಡುವ ಪ್ರವಾಸಿ ತೆರಿಗೆಯನ್ನೂ ಎರಡೂ ಕಡೆ ಸೇರಿಸಿಕೊಳ್ಳಬೇಕು. ಅದು ಊರಿಂದೂರಿಗೆ ಬೇರೆ.

ಆಷಾಢ ಕಳೆಯಲಿ

ಇನ್ನು ತಿಂಗಳಿನ ಪ್ರಶ್ನೆ. ಜುಲೈ, ಆಗಸ್ಟ್‌ನಲ್ಲಿ ಯೂರೋಪಿನವರಿಗೆಲ್ಲ ರಜೆ, ಬಾಡಿಗೆಗಳು ಆಕಾಶಕ್ಕೇರಿರುತ್ತವೆ. ನವದಂಪತಿ ಆಷಾಢದಲ್ಲಿ ಒಟ್ಟಿಗಿರಬಾರದೆಂಬ ನಮ್ಮ ಹಿರಿಯರ ಪದ್ಧತಿ ಈ ವಿಷಯದಲ್ಲಿ ಅನಿರೀಕ್ಷಿತವಾಗಿ ಜೇಬಿಗೆ ಹಿತವಾಗಿದೆ! ನವೆಂಬರಿನಿಂದ ಮಾರ್ಚ್‌ವರೆಗೆ ಇನ್ನೊಂದು ತೊಂದರೆ: ಮಧ್ಯದ ಊರುಗಳಲ್ಲಿ ಅನೇಕ ಹೋಟೆಲುಗಳು ಬಾಗಿಲು ಹಾಕುತ್ತವೆ, ದೋಣಿಗಳೂ ಕಡಿಮೆಯಾಗುತ್ತವೆ.

ನಡುವೆ ಉಳಿದದ್ದು ಏಪ್ರಿಲ್ ಕೊನೆ ಮತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ದಿನಗಳು. ಇವೆರಡರಲ್ಲಿ ಹಿತ ಯಾವುದು? ‘ವಿಶಿಷ್ಟೋಷ್ಣ’ದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಸೆಂಟಿಗ್ರೇಡ್ ಏರಲು ಒಂದು ಕ್ಯಾಲೊರಿ ಶಾಖ ಬೇಕು. ಬಂಡೆಗೆ ಅದರ ಐದನೆಯ ಒಂದು ಭಾಗದಷ್ಟು ಸಾಕು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬೇಸಿಗೆಯೆಲ್ಲ ಶಾಖ ನುಂಗಿದ ಸರೋವರ ಶರತ್ಕಾಲದಲ್ಲಿ ಅದನ್ನು ಮೆಲ್ಲಗೆ ದಡಕ್ಕೆ ಹಿಂದಿರುಗಿಸುತ್ತದೆ. ಅಷ್ಟು ಉತ್ತರದಲ್ಲಿ, 46 ಡಿಗ್ರಿ ಅಕ್ಷಾಂಶದಲ್ಲಿ, ಆಲ್ಪ್ಸ್‌ನ ಮಗ್ಗುಲಲ್ಲೇ ಆಲಿವ್ ಮರಗಳು ಬದುಕಿರುವುದೂ ಇದರಿಂದಲೇ. ಆದ್ದರಿಂದ ಅಕ್ಟೋಬರಿನ ಮೊದಲ ಭಾಗ ತಕ್ಕದ್ದು. ಮಳೆಯ ಭಯವಿರುವುದರಿಂದ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳಬೇಕು.

ಆಗ ದಡದ ಆಯ್ಕೆಗೂ ಅರ್ಥ ಬರುತ್ತದೆ. ಸೂರ್ಯ ಬೇಗ ಕೆಳಗಿಳಿಯುವ ಆ ದಿನಗಳಲ್ಲಿ ಪಶ್ಚಿಮ ದಡದ ಊರುಗಳು ತಮ್ಮ ಬೆನ್ನಿನ ಬೆಟ್ಟದ ನೆರಳಿಗೆ ಬೇಗ ಸಿಕ್ಕುತ್ತವೆ. ಎದುರು ದಡದ ವರೆನ್ನಾ, ಬೆಲ್ಲಾನೊಗಳಿಗೆ ಸಂಜೆಯ ಬಿಸಿಲು ಇನ್ನಷ್ಟು ಹೊತ್ತು ದಕ್ಕುತ್ತದೆ. ಇದಕ್ಕೆ ಬಾಡಿಗೆ ಹೆಚ್ಚು ಕೊಡಬೇಕಾಗಿಲ್ಲ!

ಲೆಕ್ಕೊದಲ್ಲಿ ಏನಿದೆ?

ಲೆಕ್ಕೊ ಕಬ್ಬಿಣದ ಕೆಲಸಕ್ಕೆ ಹೆಸರಾದ, ದುಡಿಯುವ ಜನರ ಊರು. ವಿಲಾಸಗೃಹಗಳ ಸೊಗಸು ಅಲ್ಲಿ ಕಡಿಮೆ. ಆದರೆ ಊರ ಮೇಲೆ ಗರಗಸದ ಹಲ್ಲುಗಳಂತೆ ನಿಂತ ರೆಸೆಗೋನೆ ಬೆಟ್ಟವಿದೆ. ಇಟಲಿಯ ಮಕ್ಕಳು ಶಾಲೆಯಲ್ಲಿ ಓದುವ ಅಲೆಸ್ಸಾಂಡ್ರೊ ಮಾನ್ಝೋನಿಯ ಕಾದಂಬರಿ ‘ಇ ಪ್ರೊಮೆಸ್ಸಿ ಸ್ಪೋಸಿ’ ಶುರುವಾಗುವುದು ಈ ದಡದಲ್ಲೇ. ಹೆಸರಿನ ಅರ್ಥ ‘ನಿಶ್ಚಿತಾರ್ಥವಾದ ವಧೂವರರು’. ರೇಷ್ಮೆ ಕೆಲಸದ ಬಡ ಜೋಡಿಯೊಂದು ಮದುವೆಯಾಗದಂತೆ ಊರಿನ ಪಾಳೆಯಗಾರ ಅಡ್ಡಬರುತ್ತಾನೆ. ಬರ, ಪ್ಲೇಗುಗಳನ್ನೆಲ್ಲ ದಾಟಿ ಅವರು ಒಂದಾಗುತ್ತಾರೆ. ಮಾನ್ಝೋನಿ ಕುಟುಂಬದ ಮನೆ ಲೆಕ್ಕೊದಲ್ಲಿ ಈಗ ವಸ್ತುಸಂಗ್ರಹಾಲಯ. ನವದಂಪತಿಗೆ ಇದಕ್ಕಿಂತ ಒಪ್ಪುವ ಊರುಂಟೆ?

ವಿಜ್ಞಾನ ಓದಿದವರು ಒಂದು ದಿನ ಇನ್ನೊಂದು ಪಾದಕ್ಕೂ ಹೋಗಿಬರಬೇಕು. ವಿದ್ಯುತ್ಕೋಶವನ್ನು 1800ರಲ್ಲಿ ಜಗತ್ತಿಗೆ ತಿಳಿಸಿದ, ‘ವೋಲ್ಟ್’ ಮಾನಕ್ಕೆ ಹೆಸರು ಕೊಟ್ಟ ಅಲೆಸ್ಸಾಂಡ್ರೊ ವೋಲ್ಟಾ 1745ರಲ್ಲಿ ಹುಟ್ಟಿದ್ದು ಕೋಮೊ ನಗರದಲ್ಲಿ. ಅವನ ನೆನಪಿನ ಮಂದಿರ ಅಲ್ಲಿನ ದಡದಲ್ಲೇ ಇದೆ. ಮೋಟಾರ್ ಸೈಕಲ್ ಹುಚ್ಚಿದ್ದವರಿಗೆ ಮಾಂಡೆಲ್ಲೊದಲ್ಲಿ 1921ರಿಂದ ಇರುವ ಮೋಟೊ ಗುಟ್ಸಿ ಕಾರ್ಖಾನೆಯ ಊರು ನೋಡಿದಂತಾಯಿತು. ಸಿನಿಮಾ ಮದುವೆಯ ಬಾಲ್ಬಿಯಾನೆಲ್ಲೊವನ್ನೂ ಋತುವಿನಲ್ಲಿ ಟಿಕೆಟ್ ಕೊಂಡು ಒಳಹೊಕ್ಕು ನೋಡಬಹುದು.

ಹೊರಡುವ ಮುನ್ನ

ಕೆಲವು ಎಚ್ಚರಿಕೆಗಳು ಹಿರಿಯರ ಮನಸ್ಸಿಗೂ ಸಮಾಧಾನ ತಂದಾವು. ಹಿಮನದಿ ಕೊರೆದ ಸರೋವರವಾದ್ದರಿಂದ ಅನೇಕ ಕಡೆ ದಡದಿಂದ ನಾಲ್ಕು ಹೆಜ್ಜೆಗೇ ಆಳ ಶುರುವಾಗುತ್ತದೆ, ನೀರು ತಣ್ಣಗಿರುತ್ತದೆ. ಈಜು ಬಲ್ಲವರೂ ಅಪರಿಚಿತ ಜಾಗದಲ್ಲಿ ಇಳಿಯಬಾರದು. ಕಾಗದದ ರೈಲು ಟಿಕೆಟ್ಟಿಗೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮರೆತರೆ ದಂಡ. ಸಂಜೆಯ ಕೊನೆಯ ದೋಣಿ, ಕೊನೆಯ ರೈಲಿನ ಹೊತ್ತನ್ನು ಬೆಳಿಗ್ಗೆಯೇ ಬರೆದುಕೊಳ್ಳಬೇಕು. ಇಟಲಿಯಲ್ಲಿ ರೈಲು ಮುಷ್ಕರಗಳು ಅಪರೂಪವಲ್ಲ. ವಿಮಾನದ ಹಿಂದಿನ ರಾತ್ರಿಯೇ ಮಿಲಾನ್ ಸೇರಿಕೊಳ್ಳುವುದು ಕ್ಷೇಮ.

ಅಡಿಗೆಮನೆ ಇರುವ ಕೋಣೆ ಸಿಕ್ಕಿದರೆ ಅನ್ನ, ಸಾರಿಗೆ ತೊಂದರೆಯಿಲ್ಲ. ಸಾರಿನ ಪುಡಿ ಕಟ್ಟಿಕೊಡುವ ತಾಯಂದಿರು ತುಪ್ಪ, ಪೇಡೆಗಳನ್ನು ಕಟ್ಟಬಾರದು. ಹೊರದೇಶದ ಹಾಲಿನ ಪದಾರ್ಥಗಳನ್ನು ಒಯ್ಯಲು ಯೂರೋಪಿನ ಒಕ್ಕೂಟ ಬಿಡುವುದಿಲ್ಲ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಅಲ್ಲಿನ ಗಿಣ್ಣಿನ ಬಗ್ಗೆ ಕೇಳಿ ತಿಳಿಯಬೇಕು. ಪಾರ್ಮೆಸಾನ್ ಗಿಣ್ಣಿಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ಕಿಣ್ವ ಬಳಸುತ್ತಾರೆ.

ಈ ಲೆಕ್ಕವನ್ನು ತಂದೆತಾಯಿ ಮಾಡಿಕೊಡುವುದಕ್ಕಿಂತ ದಂಪತಿಯೇ ಒಟ್ಟಿಗೆ ಕೂತು ಮಾಡಲಿ. ಯಾವ ಕಂತೂ ತಲೆಯ ಮೇಲಿಲ್ಲದೆ ಮನೆಗೆ ಮರಳಿದರೆ, ಮುಂದೆ ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸು ಬಂದಾಗಲೂ ಅದೇ ಪೆನ್ಸಿಲ್ ಉಪಯೋಗಕ್ಕೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಕೋಮೊ ಸರೋವರಕ್ಕೆ ಹೇಗೂ ಎರಡು ಕಾಲುಗಳಿವೆ. ಹಾಸಿಗೆಗೆ ಹೊಂದುವ ಕಾಲನ್ನು ಆರಿಸಿಕೊಂಡರಾಯಿತು.