ಕಾಡು ಉಳಿಯಲಿ, ಕುತ್ತಿಗೆಯೂ ಉಳಿಯಲಿ

ಐಹೊಳೆಯಲ್ಲಿ ಮಲಪ್ರಭೆಯ ದಂಡೆಗೆ ಹೋದವರಿಗೆ ಊರಿನವರು ಕೊಡಲಿಯಾಕಾರದ ಬಂಡೆಯೊಂದನ್ನು ತೋರಿಸುತ್ತಾರೆ. ಪರಶುರಾಮನು ಕ್ಷತ್ರಿಯರ ರಕ್ತ ಮೆತ್ತಿದ ತನ್ನ ಕೊಡಲಿಯನ್ನು ಇಲ್ಲಿ ತೊಳೆದನೆಂದೂ, ಕೆಂಪಾದ ನೀರನ್ನು ಕಂಡು ‘ಅಯ್ಯೋ ಹೊಳೆ’ ಎಂಬ ಉದ್ಗಾರ ಹೊರಟಿತೆಂದೂ, ಅದೇ ಊರಿನ ಹೆಸರಾಯಿತೆಂದೂ ಐತಿಹ್ಯ. ಅದೇ ಹೊಳೆ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಸಂಗಮದ ನೆನಪಿನೊಡನೆ ಬೆಸೆದುಕೊಂಡಿರುವ ಬಸವಣ್ಣನವರ ಕಾಲದ ಶರಣರಲ್ಲಿ ಮೋಳಿಗೆ ಮಾರಯ್ಯನವರೂ ಒಬ್ಬರು. ಅರಸುತನವನ್ನು ತೊರೆದು ಬಂದು, ಕಟ್ಟಿಗೆ ಕಡಿದು ಹೊರೆ ಮಾರುವುದನ್ನೇ ಕಾಯಕವಾಗಿ ಸ್ವೀಕರಿಸಿದವರೆಂದು ಅವರ ಕಥೆ. ಒಂದೇ ಹೊಳೆಯ ಗುಂಟ ನಮಗೆ ಎರಡು ಕೊಡಲಿಗಳ ಕಥೆ ದೊರೆಯುತ್ತದೆ: ಒಂದು ಸಂಹಾರದ್ದು, ಇನ್ನೊಂದು ಕಾಯಕದ್ದು. ಮೊದಲನೆಯದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಎರಡನೆಯದನ್ನು ಪುರಾಣ ಪ್ರವಚನಗಳಲ್ಲಿ ಕೊಂಡಾಡುತ್ತೇವೆ. ಆದರೆ ಇಂದು ಬಾದಾಮಿಯ ಗುಡ್ಡದಿಂದ ಇಳಿದು ಬರುವ ಹೊರೆಯನ್ನೂ ಅದರ ಕೆಳಗಿರುವ ಹೆಣ್ಣುಮಗಳ ಕುತ್ತಿಗೆಯನ್ನೂ ಕಣ್ಣೆತ್ತಿ ನೋಡುವವರು ಎಷ್ಟು ಜನ?

ಈ ಪ್ರಶ್ನೆಯನ್ನು ನನಗೆ ಕೇಳಿದವರು ನಮ್ಮ ಓಣಿಯ ಹಿರಿಯ ತಾಯಿಯೊಬ್ಬರು. ಕೆಲವು ವರ್ಷಗಳ ಹಿಂದೆ ಗುಡ್ಡದಂಚಿನ ಹಳ್ಳಿಗಳಲ್ಲಿ ಮರ ಕಡಿಯುವುದನ್ನು ತಡೆಯಲು ನಾವು ಕೆಲವರು ಸಭೆ ಸೇರಿಸಿದ್ದೆವು. ತುಗ್ಗಲಿ, ಕಕ್ಕೆ, ದಿಂಡಿಗದ ಗಿಡಗಳು ಹೇಗೆ ವಿರಳವಾಗುತ್ತಿವೆ, ಮಣ್ಣು ಹೇಗೆ ಕೊಚ್ಚಿಹೋಗುತ್ತಿದೆ ಎಂದು ನಾನು ವಿವರವಾಗಿಯೇ ಮಾತನಾಡಿದೆ. ಸಭೆ ಮುಗಿದ ಮೇಲೆ ಆಕೆ ಹತ್ತಿರ ಬಂದು, “ತಮ್ಮಾ, ಕಾಡ ಉಳಿಸ್ರಿ ಅಂತೀರಿ, ಖರೇನ ಐತಿ. ನನ್ನ ಕುತ್ತಿಗಿ ಉಳಿಸೋರು ಯಾರಪಾ?” ಎಂದರು. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ನನ್ನ ಬಳಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

‘ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆಯಲ್ಲ!’

ಕೃಷಿ ಉಪಕರಣಗಳ ಕುರಿತ ಸಭೆಯೊಂದರಲ್ಲಿ, ಮನೆಬಳಕೆಯ ಕಟ್ಟಿಗೆಯನ್ನು ಸೀಳುವ ಮತ್ತು ಸಾಗಿಸುವ ಸಲಕರಣೆಗಳ ಬಗ್ಗೆ ಏನಾದರೂ ಕೆಲಸ ನಡೆದಿದೆಯೇ ಎಂದು ಕೇಳಿದೆ. ವೇದಿಕೆಯಲ್ಲಿದ್ದವರು ನಕ್ಕರು. ಈ ಕಾಲದಲ್ಲಿ ಕಟ್ಟಿಗೆಯ ಮಾತೇಕೆ ಎಂಬುದು ಆ ನಗುವಿನ ಅರ್ಥ.

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ ಬಡವರ ಮನೆಗೆ ಸಿಲಿಂಡರ್ ತಂದುಕೊಟ್ಟದ್ದು ನಿಜ. ಹೊಗೆಯಿಂದ ಕಣ್ಣು, ಶ್ವಾಸಕೋಶಗಳಿಗೆ ಆಗುವ ಹಾನಿಯನ್ನು ಬಲ್ಲ ಯಾರೂ ಅದನ್ನು ಹಳಿಯಲಾರರು. ಆದರೆ ಸಿಲಿಂಡರ್ ಮನೆಯೊಳಗೆ ಬಂದುದಕ್ಕೂ ಕಟ್ಟಿಗೆ ಮನೆಯಿಂದ ಹೊರಗೆ ಹೋದುದಕ್ಕೂ ಬಹಳ ಅಂತರವಿದೆ. ಹುನಗುಂದದ ಎರೆಹೊಲದ ಹಳ್ಳಿಯಾಗಲಿ, ಇಳಕಲ್ಲಿನ ನೇಕಾರರ ಓಣಿಯಾಗಲಿ, ಬೆಳಗಿನ ಜಾವ ಹಿತ್ತಲಿಗೆ ಹೋಗಿ ನೋಡಿ. ಚಹಾ ಗ್ಯಾಸಿನ ಮೇಲೆ ಕುದಿಯುತ್ತಿರುತ್ತದೆ. ಸ್ನಾನದ ಹಂಡೆಯ ಕೆಳಗೆ ಜಾಲಿಕಟ್ಟಿಗೆ ಉರಿಯುತ್ತಿರುತ್ತದೆ. ಹತ್ತು ಜನರಿಗೆ ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಹಂಚು ಏರುವುದು ಕಟ್ಟಿಗೆಯ ಒಲೆಯ ಮೇಲೆಯೇ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಇವೆಲ್ಲ ಇನ್ನೂ ನಮ್ಮ ಉರುವಲೇ. ಸಿಲಿಂಡರ್ ತುಂಬಿಸಲು ರೊಕ್ಕ ಬೇಕು. ಕಟ್ಟಿಗೆಗೆ ಬೇಕಾದದ್ದು ಹೆಂಗಸಿನ ಮೈಮುರಿತ ಮಾತ್ರ. ಅದಕ್ಕೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಬೆಲೆಯಿಲ್ಲವಾದ್ದರಿಂದ ಕಟ್ಟಿಗೆ ‘ಪುಕ್ಕಟೆ’ ಎನಿಸಿಕೊಂಡಿದೆ.

ಕಾರ್ಖಾನೆಯ ಕಾರ್ಮಿಕರಿಗೆ ಗಾಯವಾಗಬಹುದಾದಷ್ಟು ಭಾರವನ್ನು ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯಿದೆಯ 34ನೇ ಕಲಮಿನಲ್ಲಿಯೇ ಬರೆಯಲಾಯಿತು. ಸ್ವಂತ ಒಲೆಗೆ ಕಟ್ಟಿಗೆ ಹೊರುವವಳು ಯಾವ ಕಾರ್ಖಾನೆಯ ಕಾರ್ಮಿಕಳೂ ಅಲ್ಲ. ಹಾಗಾಗಿ ಅವಳ ತಲೆಯ ಮೇಲಿನ ಹೊರೆಗೆ ಮಿತಿಯನ್ನು ಗೊತ್ತುಮಾಡಬೇಕೆಂದು ಯಾರಿಗೂ ಅನಿಸಲಿಲ್ಲ.

ಹೊರೆಯೊಳಗಿನ ನೀರು

ಈಗ ಸ್ವಲ್ಪ ಲೆಕ್ಕ ಮಾಡೋಣ. ಆಗತಾನೆ ಕಡಿದ ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರಬಹುದು. 40 ಕಿಲೋ ಹಸಿ ಹೊರೆಯನ್ನು ಹೊತ್ತವಳು 20 ಕಿಲೋ ಕಟ್ಟಿಗೆಯನ್ನೂ 20 ಕಿಲೋ ನೀರನ್ನೂ ಹೊತ್ತಿರುತ್ತಾಳೆ. ಆ ನೀರು ಅವಳಿಗೆ ಕುಡಿಯಲಿಕ್ಕೂ ಇಲ್ಲ, ದನಕ್ಕೂ ಇಲ್ಲ. ಅದು ಒಲೆಯೊಳಗೆ ಹೋಗಿ, ಆವಿಯಾಗುವ ಮೊದಲು ಪ್ರತಿ ಕಿಲೋಗೆ ಸುಮಾರು 540 ಕಿಲೋ ಕ್ಯಾಲೊರಿ ಶಾಖವನ್ನು ಕಟ್ಟಿಗೆಯಿಂದಲೇ ಕಸಿದುಕೊಳ್ಳುತ್ತದೆ. ಉಳಿದ ಬೆಂಕಿಯನ್ನು ತಣ್ಣಗಾಗಿಸಿ ಹೊಗೆಯೆಬ್ಬಿಸುತ್ತದೆ. ಅದೇ ಹೊರೆಯನ್ನು ಗಾಳಿ ಬಿಸಿಲಿನಲ್ಲಿ ಒಣಗಿಸಿ ನೀರಿನಂಶವನ್ನು ನೂರಕ್ಕೆ 20ಕ್ಕೆ ಇಳಿಸಿದರೆ ಅದರ ತೂಕ 25 ಕಿಲೋ ಆಗುತ್ತದೆ. ಆ 25 ಕಿಲೋದಿಂದ ದೊರೆಯುವ ಉಪಯುಕ್ತ ಶಾಖ 40 ಕಿಲೋ ಹಸಿ ಹೊರೆಯದಕ್ಕಿಂತ ಹೆಚ್ಚು. ಅಂದರೆ 15 ಕಿಲೋ ಭಾರವನ್ನು ಅವಳು ಶಾಖ ಕಳೆದುಕೊಳ್ಳಲೆಂದೇ ಹೊರುತ್ತಿದ್ದಾಳೆ!

ಒಣಗಿಸುವುದಕ್ಕೆ ಬಾಗಲಕೋಟೆಯ ಬೇಸಿಗೆಗಿಂತ ಒಳ್ಳೆಯ ಭಟ್ಟಿ ಇನ್ನೊಂದಿಲ್ಲ. ಆದರೆ ತೊಗಟೆ ಹೊದ್ದ ಇಡೀ ದಿಮ್ಮಿ ಬೇಗ ಒಣಗದು. ನೀರು ಹೊರಬರುವುದು ಕತ್ತರಿಸಿದ ತುದಿಗಳಿಂದ ಮತ್ತು ಸೀಳಿದ ಮೈಯಿಂದ. ಆದ್ದರಿಂದ ಮಾಗಿಯಲ್ಲಿ ಕಡಿದು, ಹೊಲದ ಬದುವಿನಲ್ಲಿಯೇ ಸೀಳಿ, ನೆಲದಿಂದ ಒಂದು ಗೇಣು ಎತ್ತರದ ಕಲ್ಲುಗಳ ಮೇಲೆ ಗಾಳಿಯಾಡುವಂತೆ ಒಟ್ಟಿ, ಮಿರಗದ ಮಳೆಗೆ ಮೊದಲು ಮನೆಗೆ ತರುವುದು ಸರಿಯಾದ ಕ್ರಮ. ಇದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೆಂದಲ್ಲ. ಚಕ್ಕಡಿ, ಎತ್ತು, ಹಿತ್ತಲು ಇದ್ದವರು ಹಾಗೆಯೇ ಮಾಡುತ್ತಿದ್ದರು. ಎತ್ತು ಮಾರಿದವನ ಮನೆಯಲ್ಲಿ, ಹಿತ್ತಲಿಲ್ಲದವನ ಮನೆಯಲ್ಲಿ, ಮುಳುಗಡೆಯಲ್ಲಿ ಹೊಲ ಕಳೆದುಕೊಂಡು ಪುನರ್ವಸತಿ ಕೇಂದ್ರದ ಅಳತೆಯ ನಿವೇಶನಕ್ಕೆ ಬಂದವನ ಮನೆಯಲ್ಲಿ ಇಂದಿನ ಕಟ್ಟಿಗೆ ಇಂದೇ ಬರಬೇಕು, ಹಸಿಯಾಗಿಯೇ ಉರಿಯಬೇಕು. ಬಡತನಕ್ಕೆ ಒಣಗಿಸುವಷ್ಟು ವ್ಯವಧಾನವಿಲ್ಲ.

ಒಲೆ ಬದಲಾಯಿತು, ಕೊಡಲಿ ಬದಲಾಗಲಿಲ್ಲ

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಪಡುವ ಇತಿಹಾಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಹಳ್ಳಿಯ ಒಲೆಯನ್ನು ವಿಜ್ಞಾನದ ವಿಷಯವಾಗಿ ಎತ್ತಿಕೊಂಡಿತು. ಅಸ್ತ್ರ ಒಲೆ ನಾಡಿನ ಮೂಲೆಮೂಲೆಗೂ ಹೋಯಿತು. 1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು 2002ರವರೆಗೆ ನಡೆಸಿತು. ಆ ಒಲೆಗಳಲ್ಲಿ ಎಷ್ಟೋ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದನ್ನು ನಾವು ಸಾಕಷ್ಟು ಚರ್ಚಿಸಲಿಲ್ಲ. ಮೂರು ಕಲ್ಲಿನ ಒಲೆಗೆ ಉದ್ದನೆಯ ದಪ್ಪ ಕೊಳ್ಳಿಯನ್ನು ಹಾಗೆಯೇ ತುರುಕಬಹುದು, ಉರಿದಂತೆ ಒಳಗೆ ನೂಕಬಹುದು. ಚಿಕ್ಕ ಬಾಯಿಯ ಸುಧಾರಿತ ಒಲೆಗೆ ಕಟ್ಟಿಗೆಯನ್ನು ಗೇಣುದ್ದಕ್ಕೆ ತುಂಡರಿಸಬೇಕು, ಸಣ್ಣಗೆ ಸೀಳಬೇಕು. ಒಲೆ ಕಟ್ಟಿಗೆಯನ್ನು ಉಳಿಸಿತು. ಉಳಿಸಿದ ಕಟ್ಟಿಗೆಯನ್ನು ಸೀಳುವ ಕೆಲಸವನ್ನು ಮತ್ತೆ ಅದೇ ಹೆಂಗಸಿನ ರಟ್ಟೆಗೆ ಹೊರಿಸಿತು. ಒಲೆಯ ಜೊತೆ ಒಂದು ಒಳ್ಳೆಯ ಕೊಡಲಿಯನ್ನೂ ಒಂದು ಗರಗಸವನ್ನೂ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸೀಳುವ ಕೊಡಲಿ ಬೇರೆ, ಕಡಿಯುವ ಕೊಡಲಿ ಬೇರೆ. ಕಡಿಯುವ ಕೊಡಲಿಯ ಅಲಗು ತೆಳು; ಅದು ನಾರುಗಳನ್ನು ಅಡ್ಡಲಾಗಿ ಕತ್ತರಿಸುತ್ತದೆ. ಸೀಳುವ ಕೊಡಲಿ ಬೆಣೆಯಂತೆ ದಪ್ಪವಾಗಿದ್ದು ನಾರುಗಳನ್ನು ಅಗಲಿಸಬೇಕು. ನಮ್ಮ ಮನೆಗಳಲ್ಲಿರುವುದು ಒಂದೇ ತೆಳು ಅಲಗಿನ ಕೊಡಲಿ. ಗಂಟುಗಂಟಾದ ಬಳ್ಳಾರಿ ಜಾಲಿಯ ಬೊಡ್ಡೆಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಜಗ್ಗಿ ತೆಗೆಯುವಾಗ ಕಾವು ಸಡಿಲಾಗುತ್ತದೆ. ಸಡಿಲಾದ ಕೊಡಲಿ ಎಲ್ಲಿಗೆ ಹಾರುತ್ತದೆಂದು ಹೇಳಬೇಕಾಗಿಲ್ಲ.

ವಿಚಿತ್ರವೆಂದರೆ, ಬೆಣೆಯ ವಿದ್ಯೆಯಲ್ಲಿ ನಮ್ಮ ಸೀಮೆಯನ್ನು ಮೀರಿಸಿದವರು ಕಡಿಮೆ. ಚಾಲುಕ್ಯರ ಕಾಲದಿಂದ ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬೆಣೆ ಬಡಿದು ಸೀಳಿದವರು ನಾವು. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶಾಂತರಗಳಿಗೆ ಹೋಗಿದೆ. ಕಲ್ಲು ಸೀಳಲು ಸಾಲುಬೆಣೆ ಬೇಕೆಂದು ಬಲ್ಲ ಊರಿನಲ್ಲಿ ಕಟ್ಟಿಗೆ ಸೀಳುವವಳ ಕೈಯಲ್ಲಿ ಬೆಣೆಯಿಲ್ಲ. ಗಂಡಸಿನ ಕಸುಬಿಗೆ ಹತಾರ ಬೆಳೆಯಿತು, ಹೆಂಗಸಿನ ದುಡಿಮೆಗೆ ಬೆಳೆಯಲಿಲ್ಲ. ಬೇರೆ ವಿವರಣೆ ನನಗೆ ಕಾಣುತ್ತಿಲ್ಲ.

ನ್ಯೂಜಿಲೆಂಡಿನ ಶಾಲಾ ಬಾಲಕಿಯೊಬ್ಬಳು, ತಾಯಿ ಕಟ್ಟಿಗೆ ಸೀಳುವಾಗ ಬೆರಳಿಗೆ ಪೆಟ್ಟು ಮಾಡಿಕೊಂಡುದನ್ನು ನೋಡಿ, ಒಂದು ಸರಳ ಸಾಧನವನ್ನು ರೂಪಿಸಿದಳು. ಕಬ್ಬಿಣದ ಚೌಕಟ್ಟಿನೊಳಗೆ ಅಲಗನ್ನು ಮೇಲ್ಮುಖವಾಗಿ ನಿಲ್ಲಿಸಿ, ಕಟ್ಟಿಗೆಯನ್ನು ಅದರ ಮೇಲಿಟ್ಟು, ಸುತ್ತಿಗೆಯಿಂದ ಬಡಿಯುವುದು. ಅಲಗು ಅಲುಗದು, ಬೀಸುವುದು ಮೊಂಡು ಸುತ್ತಿಗೆ ಮಾತ್ರ. ಇಂದು ಅದು ಹಲವು ದೇಶಗಳಲ್ಲಿ ಮಾರಾಟವಾಗುತ್ತಿದೆ. ಆದರೆ ಅಲಗನ್ನು ನಿಲ್ಲಿಸಿ ವಸ್ತುವನ್ನು ಅದರತ್ತ ಒಯ್ಯುವ ಈ ತತ್ತ್ವ ನಮಗೆ ಹೊಸತೇ? ನಮ್ಮ ಅಡುಗೆಮನೆಯ ಈಳಿಗೆಮಣೆ ಅದಲ್ಲದೆ ಇನ್ನೇನು? ಹುನಗುಂದದ ಯಾವ ಕಂಬಾರನೂ ಹಳೆಯ ಲಾರಿಯ ಪಾಟಾದಿಂದ ಅಂಥದೊಂದನ್ನು ಬಡಿದುಕೊಡಬಲ್ಲ. ಕೇಳಿದವರಿಲ್ಲ, ಅಷ್ಟೇ.

ಸಾಗಣೆಯೂ ಹಾಗೆಯೇ. ತಲೆಯ ಮೇಲೆ ಸಿಂಬಿಯಿಟ್ಟು ಹೊತ್ತ ಭಾರವೆಲ್ಲ ಕುತ್ತಿಗೆಯ ಎಲುಬುಗಳ ಮೇಲೆ ಬೀಳುತ್ತದೆ. ಕೊರಿಯಾದ ರೈತರು ‘ಜಿಗೆ’ ಎಂಬ ಮರದ ಚೌಕಟ್ಟನ್ನು ಬೆನ್ನಿಗೇರಿಸಿ ಭಾರವನ್ನು ಹೆಗಲು, ಬೆನ್ನುಗಳಿಗೆ ಹಂಚಿದರು. ಚೀನಾದವರು ಕೈಬಂಡಿಯ ನಡುವೆಯೇ ದೊಡ್ಡ ಗಾಲಿಯನ್ನಿಟ್ಟು, ಭಾರ ಗಾಲಿಯ ಮೇಲೆ ಕೂಡುವಂತೆ ಮಾಡಿದರು. ಕಿರುದಾರಿಯಲ್ಲಿಯೂ ಅದು ಉರುಳುತ್ತದೆ. ಗುಡ್ಡದ ಇಳಿಜಾರಿಗೆ ಬೆನ್ನಿನ ಚೌಕಟ್ಟು, ಕಾಲುದಾರಿಗೆ ಒಂಟಿಗಾಲಿಯ ಬಂಡಿ, ಊರಿನ ರಸ್ತೆಗೆ ಎರಡು ಸೈಕಲ್ ಗಾಲಿಗಳ ಕೈಗಾಡಿ: ಇವುಗಳಲ್ಲಿ ಯಾವುದೂ ರಾಕೆಟ್ ವಿಜ್ಞಾನವಲ್ಲ. ಆದರೂ ಕೃಷಿ ಮೇಳಗಳ ಮಳಿಗೆಗಳಲ್ಲಿ ಟ್ರ್ಯಾಕ್ಟರ್, ರೋಟವೇಟರ್‌ಗಳ ಸುತ್ತಲಿನ ಜಾತ್ರೆಯಲ್ಲಿ ಇವಕ್ಕೊಂದು ಮೂಲೆಯೂ ದೊರೆಯುವುದಿಲ್ಲ.

ನಮ್ಮವರ ಆಕ್ಷೇಪಣೆ

ಇನ್ನು ನಮ್ಮೊಳಗಿನ ಜಗಳಕ್ಕೆ ಬರೋಣ. ‘ಸಲಕರಣೆ ಸುಲಭವಾದರೆ ಕಾಡು ಇನ್ನಷ್ಟು ಬೇಗ ಬರಿದಾಗುವುದಿಲ್ಲವೇ? ಕೊಡಲಿಯ ಕಾವು ಕುಲಕ್ಕೆ ಮೃತ್ಯುವಲ್ಲವೇ?’ ಎಂದು ಪರಿಸರದ ಗೆಳೆಯರೇ ಕೇಳುತ್ತಾರೆ. ಈ ಭಯವನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಪೆಟ್ರೋಲ್ ಗರಗಸಗಳು ಈಗ ಸಣ್ಣ ಪಟ್ಟಣದ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಒಬ್ಬ ಗುತ್ತಿಗೆದಾರ, ಒಂದು ಗರಗಸ, ಒಂದು ಟ್ರ್ಯಾಕ್ಟರ್ ಸೇರಿದರೆ ಹತ್ತು ಹಳ್ಳಿಗಳ ಒಲೆ ವರ್ಷದಲ್ಲಿ ಉರಿಸುವುದನ್ನು ವಾರದಲ್ಲಿ ಸಾಗಿಸಿಬಿಡಬಹುದು. ಅಂಥ ಯಂತ್ರ ಗುಡ್ಡಕ್ಕೆ ಬರಬಾರದು; ಬಂದರೆ ನಾನೂ ಅಡ್ಡ ನಿಲ್ಲುತ್ತೇನೆ.

ಆದರೆ ಕೈಗಾಡಿ, ಬೆಣೆ, ಬಿಲ್ಲುಗರಗಸಗಳ ಮಾತು ಬೇರೆ. ಅವು ಒಂದು ಮನೆಯ ಒಲೆಯ ಅಳತೆಯವು. ಹಂಡೆಯ ನೀರು ಕಾದ ಮೇಲೆ ಯಾವ ತಾಯಿಯೂ ಮೋಜಿಗಾಗಿ ಕಟ್ಟಿಗೆ ಸೀಳುತ್ತಾ ಕೂರುವುದಿಲ್ಲ. ಸೀಳಿ ಒಣಗಿಸಿದ ಕಟ್ಟಿಗೆ ಕಡಿಮೆ ಸಾಕಾಗುವುದರಿಂದ ಗಿಡದ ಮೇಲಿನ ಒತ್ತಡವೂ ತಗ್ಗುತ್ತದೆ. ಇನ್ನೊಂದು ಮಾತು: ಹೊಲದ ಬದು, ಹಳ್ಳದ ದಂಡೆ, ಹಿನ್ನೀರಿನ ಅಂಚುಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ, ಕಡಿದಷ್ಟೂ ಚಿಗುರುತ್ತದೆ, ಅದರ ಕೆಂಡ ಒಳ್ಳೆಯದು. ಅದನ್ನು ಬಿಟ್ಟು ಹೆಣ್ಣುಮಕ್ಕಳು ಗುಡ್ಡದ ತುಗ್ಗಲಿ, ಕಕ್ಕೆಗಳ ಟೊಂಗೆ ಮುರಿಯಲು ಹೋಗುವುದೇಕೆ? ಜಾಲಿಯ ಮುಳ್ಳನ್ನೂ ಗಂಟನ್ನೂ ಬರಿಗೈ, ತೆಳುಗೊಡಲಿಗಳಿಂದ ಎದುರಿಸಲಾಗದು ಎಂಬುದೂ ಒಂದು ಮುಖ್ಯ ಕಾರಣ. ಸರಿಯಾದ ಹತಾರ, ದಪ್ಪ ಕೈಗವಸು, ಗಟ್ಟಿ ಮೆಟ್ಟು ಕೊಟ್ಟರೆ ಅವರೇ ಜಾಲಿಯ ಕಡೆಗೆ ತಿರುಗುತ್ತಾರೆ. ಹಾಗಾದರೆ ಗುಡ್ಡ ತಾನಾಗಿಯೇ ಉಸಿರಾಡುತ್ತದೆ.

ಹೆಂಗಸಿನ ಕುತ್ತಿಗೆನೋವನ್ನು ಬೇಲಿಯಾಗಿ ನೆಟ್ಟು ಕಾಡನ್ನು ಕಾಯುತ್ತೇವೆ ಎನ್ನುವುದು ಸಂರಕ್ಷಣೆಯಲ್ಲ, ಕ್ರೌರ್ಯ. ನಮ್ಮ ಚಳವಳಿಯ ಬೇರು ಬೇರೆಡೆ ಇದೆ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ಕಾರ್ಖಾನೆಯ ನೂಲಿಗಾಗಿ ಸಾಮೂಹಿಕ ಭೂಮಿಯಲ್ಲಿ ನೆಟ್ಟ ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. ಮೇವು, ಉರುವಲು ಜನರ ಹಕ್ಕು ಎಂಬುದೇ ಆ ಹೋರಾಟದ ತಿರುಳಾಗಿತ್ತು. ಉರುವಲಿನ ಹಕ್ಕನ್ನು ಒಪ್ಪಿದ ಮೇಲೆ ಅದನ್ನು ಹೊರುವ ದೇಹದ ಹಕ್ಕನ್ನು ಒಪ್ಪದಿರುವುದು ಹೇಗೆ?

ಕಾನೂನು ಕೂಡ ನಮಗಿಂತ ಒಂದು ಹೆಜ್ಜೆ ಮುಂದಿದೆ. 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಅರಣ್ಯ ಉತ್ಪನ್ನಗಳಲ್ಲಿ ಕುರುಚಲು ಕಟ್ಟಿಗೆಯನ್ನೂ ಬೊಡ್ಡೆಗಳನ್ನೂ ಸೇರಿಸಿತು. ಅದರ ಮೊದಲ ನಿಯಮಗಳು ತಲೆಹೊರೆ, ಸೈಕಲ್, ಕೈಗಾಡಿಗಳಲ್ಲಿ ಸಾಗಿಸಲು ಅವಕಾಶ ಕೊಟ್ಟಿದ್ದವು. 2012ರ ತಿದ್ದುಪಡಿ ಅದನ್ನು ‘ಸೂಕ್ತ ಸಾಗಣೆ ಸಾಧನ’ ಎಂದು ವಿಸ್ತರಿಸಿತು. ಆ ಕಾಯಿದೆಯ ಹಕ್ಕು ಎಲ್ಲ ಹಳ್ಳಿಗರಿಗೂ ಸಲ್ಲುವುದಿಲ್ಲ, ನಿಜ. ಆದರೆ ತಲೆಯೊಂದೇ ಬಡವರ ವಾಹನವಾಗಬೇಕಿಲ್ಲ ಎಂಬ ವಿವೇಕ ಅದರಲ್ಲಿದೆ.

ನಾವು ಏನು ಮಾಡಬೇಕು?

ಮೊದಲನೆಯದಾಗಿ, ಕೃಷಿ ಯಂತ್ರೋಪಕರಣಗಳ ಸಹಾಯಧನ, ಬಾಡಿಗೆ ಕೇಂದ್ರಗಳ ಪಟ್ಟಿಯಲ್ಲಿ ಮನೆಬಳಕೆಯ ಕಟ್ಟಿಗೆ ಸೀಳುವ, ಸಾಗಿಸುವ ಕೈಸಲಕರಣೆಗಳಿಗೆ ಸ್ಥಾನವಿರಬೇಕೆಂದು ಒತ್ತಾಯಿಸಬೇಕು. ಎರಡನೆಯದಾಗಿ, ಅವುಗಳ ವಿನ್ಯಾಸ ಹೊರೆ ಹೊರುವವರ ಎದುರಿನಲ್ಲಿ ನಡೆಯಬೇಕು. ಅವರ ಎತ್ತರಕ್ಕೆ ಕಾವು, ಅವರ ರಟ್ಟೆಗೆ ತೂಕ. ಮೂರನೆಯದಾಗಿ, ಕೆಲಸವನ್ನು ಊರಿನ ಕಂಬಾರ, ಬಡಿಗೇರರಿಗೆ ಕೊಡಬೇಕು. ಬನಶಂಕರಿ ಜಾತ್ರೆಗೆ ಮರದ ಬಾಗಿಲು ಚೌಕಟ್ಟುಗಳನ್ನು ಮಾಡಿ ತರುವ ಕೈಗಳಿಗೆ ಕೈಬಂಡಿಯೊಂದು ದೊಡ್ಡದಲ್ಲ. ನಾಲ್ಕನೆಯದಾಗಿ, ಪ್ರತಿ ಓಣಿಗೂ ಕಟ್ಟಿಗೆ ಒಟ್ಟಲು ಒಂದು ತಗಡಿನ ನೆರಳನ್ನು ಗ್ರಾಮ ಪಂಚಾಯಿತಿ ಒದಗಿಸಬೇಕು. ಇವೆಲ್ಲಕ್ಕೂ ಮುನ್ನ, ಇದೇ ಬೇಸಿಗೆಯೊಳಗೆ ನಮ್ಮ ಬಳಗದ ಪ್ರತಿಯೊಬ್ಬ ಗಂಡಸೂ ತನ್ನ ಮನೆಯ ಹೊರೆಯನ್ನು ಒಮ್ಮೆಯಾದರೂ ಗುಡ್ಡದಿಂದ ಹೊತ್ತು ತರಲಿ. ಆಮೇಲೆ ಸಂರಕ್ಷಣೆಯ ಭಾಷಣ ಮಾಡಲಿ.

ಕಾಯಕವನ್ನು ಕೈಲಾಸವೆಂದು ಹಾಡಿ ಹೊಗಳುವ ನಾಡಿನಲ್ಲಿ ಕಾಯಕ ಮಾಡುವವರ ಕಾಯವನ್ನು ಮರೆಯಬಾರದು. ನಮ್ಮ ಓಣಿಯ ತಾಯಿಗೆ ಈಗ ಹೊರೆ ಹೊರಲಾಗುವುದಿಲ್ಲ, ಸೊಸೆ ಹೊರುತ್ತಾಳೆ. ಸೊಸೆಯ ಮಗಳು ಶಾಲೆಗೆ ಹೋಗುತ್ತಾಳೆ, ಭಾನುವಾರ ಮಾತ್ರ ತಾಯಿಯ ಹಿಂದೆ ಗುಡ್ಡಕ್ಕೆ ಹೋಗುತ್ತಾಳೆ. ಆ ಹುಡುಗಿಯ ತಲೆಯ ಮೇಲೆ ಸಿಂಬಿ ಕೂರುವ ಮೊದಲು ಅವಳ ಮನೆಯ ಬಾಗಿಲಿಗೆ ಒಂದು ಕೈಗಾಡಿ ಬರಬೇಕು.