ಜೀರ್ಣೋದ್ಧಾರದ ಹಳೆಯ ಅರ್ಥ

ದತ್ತಿಶಾಸನಗಳನ್ನು ಅಭ್ಯಸಿಸಿದ ನಿಮಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ದೇಗುಲದಲ್ಲಿ ಒಡೆದುದನ್ನು, ಬಿರಿದುದನ್ನು ಸರಿಪಡಿಸಲೆಂದೇ ಭೂಮಿಯನ್ನು ಬಿಡುತ್ತಿದ್ದರು. ಇಂದು ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಅದೇ ಶಬ್ದವನ್ನು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಫಲಕದ ಮೇಲೆ ಬರೆಸಿ, ಹಳೆಯ ಗುಡಿಯನ್ನು ಕೆಡವಿ ಕಾಂಕ್ರೀಟಿನ ಗುಡಿಯನ್ನು ಎತ್ತುತ್ತಾರೆ. ಕೆಡವದಿದ್ದರೆ ಶಾಸನದ ಕಂಬಕ್ಕೆ ಎಣ್ಣೆಬಣ್ಣ ಬಳಿಯುತ್ತಾರೆ.

ಆ ಶಬ್ದದ ಮೂಲ ಅರ್ಥವನ್ನು ಅರಿಯಬೇಕಾದರೆ ಮುಂಬಯಿಯ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ವೃತ್ತಿಜೀವನವನ್ನು ನೋಡಬೇಕು. ಉಪೇಕ್ಷಿತ ಕಟ್ಟಡಗಳ ಸಂರಕ್ಷಣೆಯೇ ಅವರ ಕಾಯಕ. ಮುಂಬಯಿಯ ರಾಯಲ್ ಆಪೆರಾ ಹೌಸನ್ನು 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ. ಬಾಲಗಂಧರ್ವರೂ ಮಾಸ್ಟರ್ ದೀನಾನಾಥರೂ ಮೆರೆದ ಆ ರಂಗಮಂದಿರ ಮುಂದೆ ಚಿತ್ರಮಂದಿರವಾಗಿ, 1993ರಲ್ಲಿ ಬಾಗಿಲು ಮುಚ್ಚಿತು. ಸಿನಿಮಾದ ಅನುಕೂಲಕ್ಕಾಗಿ ಮಾಡಿದ ಮಾರ್ಪಾಡುಗಳಲ್ಲಿ ಮೂಲರೂಪದ ಎಷ್ಟೋ ಅಂಶ ಕಳೆದುಹೋಗಿತ್ತು. ಲಾಂಬಾ ಹಳೆಯ ಛಾಯಾಚಿತ್ರಗಳನ್ನು ಹುಡುಕಿ, ಉಳಿದ ಕುರುಹುಗಳೊಡನೆ ತಾಳೆನೋಡಿ, ಸೇರಿಕೆಗಳನ್ನು ಬೇರ್ಪಡಿಸಿ ಅದನ್ನು ಮರಳಿ ನಿಲ್ಲಿಸಿದರು. 2016ರಲ್ಲಿ ಮಂದಿರ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೋ ಪ್ರಶಸ್ತಿಯೂ ಬಂದಿತು. ಪಾಠಾಂತರಗಳನ್ನು ಹೋಲಿಸಿ ಪ್ರಕ್ಷಿಪ್ತಗಳನ್ನು ಗುರುತಿಸುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ನನಗೇನೂ ಅಂತರ ಕಾಣದು.

ಗುಡಿಯೆಂದರೆ ವಸ್ತುಸಂಗ್ರಹಾಲಯವೇ, ನಿತ್ಯ ಪೂಜೆ ನಡೆಯುವಲ್ಲಿ ಭಕ್ತರು ಹೊಸತನ್ನು ಬಯಸಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಲಾಂಬಾ ದುಡಿದ ಲಡಾಖಿನ ಬಾಸ್ಗೋದಲ್ಲಿ ಮೈತ್ರೇಯನ ಮಣ್ಣಿನ ದೇಗುಲಗಳನ್ನು ಉಳಿಸಲು ಊರಿನ ಜನರೇ ಮುಂದೆ ನಿಂತಿದ್ದರು. ಅಲ್ಲಿ ಪೂಜೆಯೇನೂ ನಿಲ್ಲಲಿಲ್ಲ. ಇನ್ನು ಗಟ್ಟಿತನದ ಮಾತು. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುವುದರಿಂದ ಹಳೆಯ ಕಲ್ಲು ಹುಡಿಯಾಗತೊಡಗುತ್ತದೆ.

ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ಶಕ 940ರ ಮರಾಠಿ ಶಾಸನವಿದೆ. ಮರಾಠಿ ಬಂಧುಗಳು ಅದನ್ನು ತಮ್ಮ ಭಾಷೆಯ ಹಳೆಯ ಸಾಕ್ಷ್ಯವೆಂದು ಆದರಿಸುತ್ತಾರೆ, ಆದರಿಸಬೇಕಾದದ್ದೇ. ಇದೇ ಜಿಲ್ಲೆಯ ಕನ್ನಡ ಶಾಸನಗಳಿಗೆ ಅಂಥ ಆದರ ದೊರೆಯದಿರುವುದಕ್ಕೆ ದ್ವೇಷ ಕಾರಣವಲ್ಲ. ಗುಡಿಯ ಸಮಿತಿಯಲ್ಲಿ ಅವುಗಳನ್ನು ಓದಬಲ್ಲವರಿಲ್ಲ, ಅಷ್ಟೆ. ಕಲ್ಲಿನ ರೋಗವನ್ನು ವಾಸ್ತುಶಿಲ್ಪಿ ಬಲ್ಲ. ಹಳಗನ್ನಡದ ಸಾಲನ್ನು ಓದಿ ಹೇಳಬೇಕಾದವರು ನೀವು. ಈ ರಜೆಯಲ್ಲಿ ನಿಮ್ಮ ಊರ ಗುಡಿಯ ಕಂಬ, ತೊಲೆಗಳನ್ನು ನೋಡಿ ಬನ್ನಿರಿ. ಅಕ್ಷರ ಕಂಡರೆ ಛಾಯಾಚಿತ್ರ ತೆಗೆದು ವಿಭಾಗಕ್ಕೆ ತನ್ನಿರಿ, ಕೂಡಿ ಓದೋಣ. ಓದಿದ್ದನ್ನು ಜಾತ್ರೆಗೆ ಮುಂಚೆ, ಬಣ್ಣದ ಡಬ್ಬಿ ತೆರೆಯುವ ಮೊದಲು, ಪಂಚರಿಗೆ ಮರಾಠಿಯಲ್ಲಿಯೇ ತಿಳಿಯಹೇಳಿರಿ.