ತಕ್ಕ ಗುರುವಿನ ಆಯ್ಕೆ

ಮಕ್ಕಳನ್ನು ವೈದ್ಯರನ್ನಾಗಿಸುವ ಹಂಬಲದಿಂದ ಹೊಲವನ್ನು ಅಡವಿಟ್ಟಾದರೂ ಪಾಠದ ಶುಲ್ಕ ಕಟ್ಟುವ ತಂದೆತಾಯಿಗಳು ನಮ್ಮಲ್ಲಿದ್ದಾರೆ. ಹಣ ತೆರುವ ಮುನ್ನ ಪರೀಕ್ಷೆಯ ಸ್ವರೂಪವನ್ನು ಅವರು ಅರಿಯುವುದು ಲೇಸು. 2025ರ ‘ನೀಟ್’ ಪರೀಕ್ಷೆಯಲ್ಲಿ ಇದ್ದುದು 180 ಪ್ರಶ್ನೆಗಳು, 720 ಅಂಕಗಳು. ಅರ್ಧದಷ್ಟು, ಎಂದರೆ 360 ಅಂಕಗಳು, ಜೀವಶಾಸ್ತ್ರಕ್ಕೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ತಲಾ 180. ಸರಿಯುತ್ತರಕ್ಕೆ 4 ಅಂಕ, ತಪ್ಪುತ್ತರಕ್ಕೆ 1 ಅಂಕದ ಕಡಿತ, ಬಿಟ್ಟ ಪ್ರಶ್ನೆಗೆ ಸೊನ್ನೆ.

ಆದುದರಿಂದ ಬರಿಯ ಪಾಠ ಹೇಳುವವರು ಸಾಲದು. ತಪ್ಪಿನ ಮೂಲವನ್ನು ಶೋಧಿಸುವವರು ಬೇಕು. ವಿದ್ಯಾರ್ಥಿಯು ಬರೆದ ಒಂದು ಮಾದರಿ ಉತ್ತರಪತ್ರಿಕೆಯನ್ನು ಅವರ ಮುಂದಿಡಿರಿ. ವಿಷಯ ತಿಳಿಯದೆ ತಪ್ಪಿತೋ, ಆತುರದಿಂದ ತಪ್ಪಿತೋ, ಊಹಿಸಹೋಗಿ ತಪ್ಪಿತೋ ಎಂಬುದನ್ನು ಬಿಡಿಸಿ ಹೇಳಬಲ್ಲವರೇ ತಕ್ಕ ಗುರುಗಳು. ಒಂದೇ ವಿಷಯದಲ್ಲಿ ಹಿಂದುಳಿದವರಿಗೆ ಮೂರು ವಿಷಯಗಳ ಪಾಠವನ್ನು ಕೊಳ್ಳಬೇಕಿಲ್ಲ. ಮೊದಲೊಂದು ತಿಂಗಳು ನೋಡಿ, ಬಳಿಕ ಮುಂದುವರಿಯಿರಿ.

‘ರ‍್ಯಾಂಕ್ ಖಚಿತ’ ಎಂಬ ಮಾತಿಗೆ ಮರುಳಾಗಬೇಡಿರಿ. ತರಬೇತಿ ಕೇಂದ್ರಗಳು ಅಂಥ ಭರವಸೆ ನೀಡಕೂಡದು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹಿಂದಿರುಗಿಸಬೇಕು ಎಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ಹೇಳುತ್ತದೆ. ಶುಲ್ಕ ಕಟ್ಟುವಾಗಲೇ ಈ ಕರಾರನ್ನು ಬರೆಹದಲ್ಲಿ ಪಡೆಯಿರಿ.

ಇಷ್ಟಾದರೂ ಸೀಟು ದೊರೆಯದೆ ಹೋಗಬಹುದು. ಆಗ ಮಕ್ಕಳೆದುರು ಸಾಲದ ಲೆಕ್ಕ ತೆಗೆಯದಿರಿ. ಹೊಲದ ಅಡವನ್ನು ದುಡಿದು ಬಿಡಿಸಬಹುದು. ಕುಂದಿದ ಮನವನ್ನು ಮತ್ತೆ ಎತ್ತುವುದು ಅಷ್ಟು ಸುಲಭವಲ್ಲ.